ಬಾನೆಟ್ ಎತ್ತಿದರೆ ಊರೆಲ್ಲ ಮೆಕ್ಯಾನಿಕ್

ನಮ್ಮ ಕಡೆ ಜನ ಸೇರಿಸಬೇಕಾದರೆ ಡಂಗುರ ಹೊಡೆಸಬೇಕಿಲ್ಲ, ಪೆಂಡಾಲ್ ಹಾಕಿಸಬೇಕಿಲ್ಲ. ಗಾಡಿಯನ್ನು ರಸ್ತೆ ಪಕ್ಕಕ್ಕೆ ತಂದು ಬಾನೆಟ್ ಎತ್ತಿದರೆ ಸಾಕು. ಅಲ್ಲಿಯವರೆಗೆ ನರಪಿಳ್ಳೆಯೂ ಕಾಣದಿದ್ದ ಬಯಲಿನಲ್ಲಿ ಎಲ್ಲಿಂದಲೋ ಒಬ್ಬ ಕುರಿ ಕಾಯುವವನು ಬರುತ್ತಾನೆ. ಅವನ ಹಿಂದೆ ಟ್ರ್ಯಾಕ್ಟರ್ ಓಡಿಸುವ ಹುಡುಗ, ಅವನ ಹಿಂದೆ ಸೈಕಲ್ಲಿನಲ್ಲಿ ನಿವೃತ್ತ ಮೇಷ್ಟ್ರು. ಮೂವರೂ ಎಂಜಿನ್ನನ್ನು ಒಮ್ಮೆ ಬಗ್ಗಿ ನೋಡುತ್ತಾರೆ. ಆಮೇಲೆ ಗಾಡಿಯವನ ಮುಖವನ್ನು ಅದಕ್ಕಿಂತ ಹೆಚ್ಚು ಹೊತ್ತು ನೋಡುತ್ತಾರೆ.

"ನೀರು ಇಲ್ಲ ಬಿಡ್ರಿ ಅದಕ್ಕೆ" ಎನ್ನುತ್ತಾನೆ ಕುರಿಯವನು. "ಫ್ಯಾನ್ ಬೆಲ್ಟ್ ಲೂಸ್ ಆಗೈತಿ" ಎಂದು ಟ್ರ್ಯಾಕ್ಟರಿನವನು ಬೆರಳಲ್ಲಿ ಒತ್ತಿ ತೋರಿಸುತ್ತಾನೆ. ಮೇಷ್ಟ್ರು ಮಾತ್ರ ಗಾಡಿಗೆ ನಿಂಬೆಹಣ್ಣು ಕಟ್ಟಿದ್ದೀರೋ ಇಲ್ಲವೋ ಎಂದು ವಿಚಾರಿಸುತ್ತಾರೆ. ಇಷ್ಟೆಲ್ಲ ಭಿನ್ನಾಭಿಪ್ರಾಯವಿದ್ದರೂ ಕೊನೆಯಲ್ಲಿ ಮೂವರೂ ಒಂದು ಮಾತಿಗೆ ಬರುತ್ತಾರೆ: "ಬಿಸಿಲು ನೋಡ್ರಿ ಹೆಂಗೈತಿ! ಮನುಷ್ಯಾನೇ ತಡಿಯಂಗಿಲ್ಲ, ಇನ್ನ ಗಾಡಿ ಏನ್ ತಡಿತೈತಿ?" ಅಲ್ಲಿಗೆ ಸೂರ್ಯನಿಗೆ ಶಿಕ್ಷೆಯಾಗಿ ಕೇಸು ಮುಗಿಯುತ್ತದೆ.

ಬಳ್ಳಾರಿ ಸೀಮೆಯಲ್ಲಿ ಇದ್ದುಕೊಂಡು ಸೂರ್ಯನ ಪರ ಮಾತನಾಡುವುದು ಸುಲಭವಲ್ಲ. ಇಲ್ಲಿರುವುದು ಬೇಸಿಗೆ, ಕಡುಬೇಸಿಗೆ ಎಂಬ ಎರಡೇ ಕಾಲ ಎಂದು ಹೊರಗಿನವರು ಹಾಸ್ಯ ಮಾಡುತ್ತಾರೆ, ಒಳಗಿನವರು ಹೌದೆನ್ನುತ್ತಾರೆ. ಆದರೂ ನ್ಯಾಯ ನ್ಯಾಯವೇ. ಎಂಜಿನ್ನಿನ ಸುತ್ತ ಹರಿಯುವ ನೀರು ನೆಟ್ಟಗಿರುವ ಗಾಡಿಯಲ್ಲೂ ಸುಮಾರು 90 ಡಿಗ್ರಿಯಲ್ಲೇ ಇರುತ್ತದೆ. ಅಷ್ಟು ಕಾವು ಬರಲೆಂದೇ ಥರ್ಮೋಸ್ಟಾಟ್ ಎಂಬ ಕವಾಟವಿಟ್ಟಿರುತ್ತಾರೆ. ಹೊರಗೆ 42 ಡಿಗ್ರಿ ಇದ್ದರೆ ಆ ನೀರು ತಣಿಯುವುದು ಕಷ್ಟವಾಗುತ್ತದೆ, ಒಪ್ಪೋಣ. ಆದರೆ ಅದೇ ಬಿಸಿಲಿನಲ್ಲಿ ಹೊಸಪೇಟೆಯಿಂದ ಚಿತ್ರದುರ್ಗದ ತನಕ ಹೆದ್ದಾರಿಯಲ್ಲಿ ತಣ್ಣಗೆ ಓಡುವ ಗಾಡಿ, ಸಂಡೂರಿನ ಗಣಿ ದಾರಿಗೆ ಇಳಿದ ಸ್ವಲ್ಪ ಹೊತ್ತಿಗೇ ಮುಳ್ಳನ್ನು ಕೆಂಪು ಗೆರೆಯತ್ತ ಯಾಕೆ ಏರಿಸುತ್ತದೆ? ಸೂರ್ಯ ಎರಡೂ ಕಡೆ ಒಬ್ಬನೇ. ಬೇರೆಯಾದದ್ದು ರಸ್ತೆ. ರಸ್ತೆಯ ಮೇಲಿದ್ದದ್ದು ಧೂಳು.

ಧೂಳು ಎಂದರೆ ಎಲ್ಲ ಒಂದೇ ಎಂದುಕೊಳ್ಳುವವರು ಬೆಂಗಳೂರಿನವರಿರಬೇಕು. ನಮ್ಮ ಉತ್ತರದ ಜಿಲ್ಲೆಗಳಲ್ಲಿ ಧೂಳು ನೋಡಿ ಊರು ಹೇಳಬಹುದು. ಸಂಡೂರು, ದೋಣಿಮಲೈ ಕಡೆಯದು ಕೆಂಪು. ಕಬ್ಬಿಣದ ಅದಿರಿನ ಪುಡಿ, ಕೈಗೆ ನುಣ್ಣಗೆ, ಬಟ್ಟೆಗೆ ಹತ್ತಿದರೆ ಧೋಬಿಗೂ ಜಗ್ಗದು. 2000ದ ದಶಕದಲ್ಲಿ ಅದಿರಿನ ಲಾರಿಗಳು ಮಿತಿಮೀರಿದ ಲೋಡು ಹೊತ್ತು ಅರಬೈಲ್ ಘಾಟಿ ಇಳಿದು ಬೇಲೆಕೇರಿ ಬಂದರಿಗೆ ಸಾಲುಗಟ್ಟಿ ಓಡುತ್ತಿದ್ದಾಗ ದಾರಿಯ ಮರ, ಮನೆ, ಎಮ್ಮೆ, ಇಡ್ಲಿ ಎಲ್ಲವೂ ಒಂದೇ ಬಣ್ಣಕ್ಕೆ ತಿರುಗಿದ್ದವು. 2011ರಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದ ಮೇಲೆ ಜನಕ್ಕೆ ಮರಗಳ ಎಲೆ ಹಸಿರೆಂದು ಮತ್ತೆ ಗೊತ್ತಾಯಿತು. ಗದಗ, ನವಲಗುಂದದ ಎರೆಹೊಲದ ಧೂಳು ಕಪ್ಪು. ಬೇಸಿಗೆಯಲ್ಲಿ ಬಂಡಿದಾರಿಯ ಮೇಲೆ ಹಿಟ್ಟು ಸುರಿದಂತೆ ಬಿದ್ದಿರುತ್ತದೆ, ಕಾಲಿಟ್ಟರೆ ಪಾದ ಮುಳುಗುತ್ತದೆ. ವಾಡಿ, ಸೇಡಂನದು ಸಿಮೆಂಟು ಕಾರ್ಖಾನೆಗಳ ಬಿಳಿ ಧೂಳು. ಇನ್ನು ಜಲ್ಲಿ ಕ್ರಷರ್‌ಗಳ ಬೂದು ಧೂಳು ಎಲ್ಲ ಜಿಲ್ಲೆಗೂ ಸೇರಿದ್ದು. 'ಕಾಮಗಾರಿ ಪ್ರಗತಿಯಲ್ಲಿದೆ' ಎಂಬ ಫಲಕದ ಕೆಳಗಿನ ಧೂಳಿಗಂತೂ ಊರೂ ಇಲ್ಲ, ಋತುವೂ ಇಲ್ಲ. ಫಲಕ ಇರುವ ತನಕ ಅದೂ ಇರುತ್ತದೆ.

ಇದಷ್ಟೂ ಎಂಜಿನ್ನಿನ ಬಾಯಿಗೆ ಹೋಗಲು ತುದಿಗಾಲಲ್ಲಿ ನಿಂತಿರುತ್ತದೆ. ಒಂದು ಲೀಟರ್ ಪೆಟ್ರೋಲ್ ಸರಿಯಾಗಿ ಉರಿಯಲು ಸುಮಾರು 9,000 ಲೀಟರ್ ಗಾಳಿ ಬೇಕು. ಪೆಟ್ರೋಲಿಗೆ ಬಂಕಿನಲ್ಲಿ ದುಡ್ಡು ಕೊಟ್ಟು, ಮೀಟರ್ ಸೊನ್ನೆಯಿಂದ ಶುರುವಾಯಿತೇ ಎಂದು ಕತ್ತು ಉದ್ದ ಮಾಡಿ ನೋಡುತ್ತೇವೆ. ಗಾಳಿ ಪುಕ್ಕಟೆ, ಹಾಗಾಗಿ ಅದರ ಲೆಕ್ಕ ಯಾರೂ ಇಟ್ಟವರಿಲ್ಲ. ಆ ಸಾವಿರಾರು ಲೀಟರ್ ಗಾಳಿಯನ್ನು ಸೋಸಿ ಕೊಡುವುದು ಮಡಿಕೆ ಮಡಿಕೆಯಾಗಿ ಮಡಚಿದ ಒಂದು ಕಾಗದ. ಅದೇ ಏರ್ ಫಿಲ್ಟರ್.

ನಮ್ಮ ದೊಡ್ಡಪ್ಪನ ಹಳೇ ಜೀಪಿಗೆ ಕಾಗದದ ಫಿಲ್ಟರ್ ಇರಲಿಲ್ಲ, ಎಣ್ಣೆಯದಿತ್ತು. ತಗಡಿನ ಡಬ್ಬಿ, ತಳದಲ್ಲಿ ಗೆರೆ ಕಾಣುವಷ್ಟು ಎಂಜಿನ್ ಆಯಿಲ್. ಒಳಗೆ ನುಗ್ಗಿದ ಗಾಳಿ ಎಣ್ಣೆಯ ಹತ್ತಿರ ಬಂದು ಗಕ್ಕನೆ ಮೇಲಕ್ಕೆ ತಿರುಗಬೇಕು. ಗಾಳಿ ತಿರುಗುತ್ತದೆ, ಭಾರದ ಧೂಳು ತಿರುಗಲಾರದೆ ಎಣ್ಣೆಗೆ ಬೀಳುತ್ತದೆ. ಭಾನುವಾರ ದೊಡ್ಡಪ್ಪ ಅಂಗಳದಲ್ಲಿ ಕೂತು ಡಬ್ಬಿ ಬಿಚ್ಚಿ, ಮೇಲಿನ ಎಣ್ಣೆ ಬಗ್ಗಿಸಿ, ತಳಕ್ಕೆ ಕಚ್ಚಿದ ಕೆಂಪು ಕೆಸರನ್ನು ಕಡ್ಡಿಯಿಂದ ಕೆರೆದು, ಸೀಮೆಎಣ್ಣೆಯಲ್ಲಿ ತೊಳೆದು ಹೊಸ ಎಣ್ಣೆ ಹಾಕುತ್ತಿದ್ದರು. ಕೆರೆದ ಕೆಸರನ್ನು ದೊಡ್ಡಮ್ಮನ ಮುಂದೆ ಹಿಡಿದು, "ನೋಡು, ಇಷ್ಟು ಮಣ್ಣು ಅದರ ಹೊಟ್ಟೆಗೆ ಹೋಗ್ತಿತ್ತು" ಎನ್ನುವರು. "ನಿಮ್ಮ ಹೊಟ್ಟೆಗೂ ಹೋಗೈತಿ, ಮೊದಲು ಬಾಯಿ ಮುಕ್ಕಳಿಸ್ರಿ" ಎಂದು ದೊಡ್ಡಮ್ಮ ತಂಬಿಗೆ ಮುಂದಿಡುವರು.

ಈಗಿನ ಕಾಗದದ ಫಿಲ್ಟರ್ ಎಣ್ಣೆಯದಕ್ಕಿಂತ ಚೆನ್ನಾಗಿ ಸೋಸುತ್ತದೆ. ಸೋಸಿದ್ದೆಲ್ಲ ತನ್ನ ಮೈಮೇಲೇ ಉಳಿಸಿಕೊಳ್ಳುತ್ತದೆ ಎಂಬುದೊಂದೇ ತಕರಾರು. ಹೊಸಪೇಟೆಯಲ್ಲಿ ನನ್ನ ಗಾಡಿ ನೋಡುವ ಮಿಸ್ತ್ರಿ ಮಾತು ಕಡಿಮೆ, ಕೈ ಜಾಸ್ತಿ. ಗಣಿ ಕಡೆಯ ಒಂದು ಪಿಕಪ್ ಗಾಡಿ "ಹೀಟ್ ಆಗ್ತೈತಿ, ಎಳೆಯಂಗಿಲ್ಲ" ಎಂಬ ದೂರು ಹೊತ್ತು ಬಂದಿದ್ದಾಗ ನಾನೂ ಅಲ್ಲೇ ಟೀ ಕುಡಿಯುತ್ತಾ ಕೂತಿದ್ದೆ. ಡ್ರೈವರ್ ತನ್ನ ಕಷ್ಟ ಹೇಳಿ ಮುಗಿಸುವಷ್ಟರಲ್ಲಿ ಮಿಸ್ತ್ರಿ ನಾಲ್ಕು ಕ್ಲಿಪ್ ಎತ್ತಿ ಫಿಲ್ಟರ್ ಹೊರಗೆ ತೆಗೆದಿದ್ದರು. ಮಡಿಕೆಗಳ ನಡುವೆ ಸಂದೇ ಕಾಣದು. ಕೆಂಪು ಪುಡಿ ತುಂಬಿ ಮಟ್ಟಸವಾಗಿ ಗಿಲಾವು ಮಾಡಿದ ಗೋಡೆಯಾಗಿತ್ತು. ಟೈರಿನ ಮೇಲೆ ಮೆಲ್ಲಗೆ ಒಮ್ಮೆ ಕುಟ್ಟಿದರು. ನೆಲದ ಮೇಲೆ ಒಂದು ಸಣ್ಣ ಗುಡ್ಡೆ ಬಿತ್ತು, ಅಂಗೈಯಲ್ಲಿ ಹಿಡಿಸದಷ್ಟು. ಫಿಲ್ಟರಿನ ಒಳಗೆ ಮೊಬೈಲ್ ಟಾರ್ಚ್ ಹಚ್ಚಿ ಹಿಡಿದರು. ಹೊರಗಡೆಗೆ ಬೆಳಕು ಬರಲೇ ಇಲ್ಲ. "ಬೆಳಕೇ ಬರಂಗಿಲ್ಲ, ಗಾಳಿ ಎಲ್ಲಿಂದ ಬರಬೇಕು?" ಎಂದು ಮಿಸ್ತ್ರಿ ಅವತ್ತಿನ ತಮ್ಮ ಮಾತಿನ ಕೋಟಾ ಮುಗಿಸಿದರು.

ಗಾಳಿ ಬರದಿದ್ದರೆ ಗಾಡಿ ನಿಂತುಹೋಗಬೇಕಲ್ಲವೇ, ಬಿಸಿ ಯಾಕಾಗಬೇಕು? ಹಳೇ ಡೀಸೆಲ್ ಗಾಡಿಗಳ ಪಂಪು ಬಲು ಭೋಳೆ ಸ್ವಭಾವದ್ದು. ಗಾಳಿ ಎಷ್ಟು ಬಂತೆಂದು ಅದು ಕೇಳುವುದಿಲ್ಲ. ಡ್ರೈವರಿನ ಕಾಲು ಎಷ್ಟು ಒತ್ತಿತೆಂದು ನೋಡಿ ಅಷ್ಟು ಡೀಸೆಲ್ ಕೊಟ್ಟುಬಿಡುತ್ತದೆ. ಫಿಲ್ಟರ್ ಕಟ್ಟಿದಾಗ ಪಿಕಪ್ ಕಡಿಮೆಯಾಗುತ್ತದೆ. ಪಿಕಪ್ ಕಡಿಮೆಯಾದರೆ ಡ್ರೈವರಿನ ಕಾಲು ಇನ್ನಷ್ಟು ಒತ್ತುತ್ತದೆ. ಆಗ ಗಾಳಿ ಅಷ್ಟೇ, ಡೀಸೆಲ್ ಹೆಚ್ಚು. ಆ ಡೀಸೆಲ್ ಹೊತ್ತಿಗೆ ಸರಿಯಾಗಿ ಉರಿದು ಮುಗಿಯದೆ, ಪಿಸ್ಟನ್ ಕೆಳಗಿಳಿಯುವಾಗಲೂ ಉರಿಯುತ್ತಾ ಇರುತ್ತದೆ. ಚಕ್ರಕ್ಕೆ ಹೋಗಬೇಕಾದ ಕಾವು ಎಕ್ಸಾಸ್ಟ್ ವಾಲ್ವಿಗೆ, ಮ್ಯಾನಿಫೋಲ್ಡಿಗೆ, ಟರ್ಬೊಗೆ ಹೋಗುತ್ತದೆ. ಎಲ್ಲ ಸರಿಯಿರುವ ಗಾಡಿಯಲ್ಲೇ ಸುಟ್ಟ ಇಂಧನದ ಕಾವಿನಲ್ಲಿ ಹೆಚ್ಚುಕಡಿಮೆ ಮೂರರಲ್ಲೊಂದು ಪಾಲು ಮಾತ್ರ ಕೆಲಸಕ್ಕೆ ಬರುತ್ತದೆ. ಇನ್ನೊಂದು ಪಾಲು ರೇಡಿಯೇಟರ್ ಮೂಲಕ, ಮತ್ತೊಂದು ಸೈಲೆನ್ಸರ್ ಮೂಲಕ ಹೊರಗೆ. ಉಸಿರು ಕಟ್ಟಿದ ಎಂಜಿನ್ ಮೊದಲನೇ ಪಾಲನ್ನು ಕಡಿದು ಉಳಿದವಕ್ಕೆ ಹಂಚುತ್ತದೆ. ಲೋಡು ಹೊತ್ತು ರಾತ್ರಿ ಘಾಟಿ ಏರಿದ ಲಾರಿಯ ಮ್ಯಾನಿಫೋಲ್ಡು ಕೆಂಡದ ಹಾಗೆ ಹೊಳೆಯುವುದನ್ನು ಕ್ಲೀನರ್ ಹುಡುಗರು ಕಂಡಿರುತ್ತಾರೆ.

ಇದರ ಗುರುತು ಕರೀ ಹೊಗೆ. ದುಃಖದ ಸಂಗತಿಯೆಂದರೆ ನಮ್ಮ ಹುಡುಗರಿಗೆ ಕರೀ ಹೊಗೆ ಬಂದರೆ ಹೆಮ್ಮೆ. ಟ್ರ್ಯಾಕ್ಟರ್ ಸ್ಪರ್ಧೆಗಳಲ್ಲಿ ಹೊಗೆ ಎಷ್ಟು ದಟ್ಟವಾಗಿದ್ದರೆ ಶಿಳ್ಳೆ ಅಷ್ಟು ಜೋರು. ಸೈಲೆನ್ಸರ್‌ನಿಂದ ಮೇಲೇಳುತ್ತಿರುವುದು ತಮ್ಮಪ್ಪ ದುಡ್ಡು ಕೊಟ್ಟು ತಂದ, ಉರಿಯದೆ ಉಳಿದ ಡೀಸೆಲ್ ಎಂದು ಅಲ್ಲಿ ಯಾರಾದರೂ ಮೈಕಿನಲ್ಲಿ ಹೇಳಬೇಕು.

ಹೊಸ ಗಾಡಿಗಳು ಜಾಣ. ಗಾಳಿ ಅಳೆಯುವ ಸೆನ್ಸರ್ ಇರುತ್ತದೆ, ಗಾಳಿ ಕಡಿಮೆಯಾದರೆ ಇಂಧನವನ್ನೂ ಇಳಿಸುತ್ತದೆ. ಆದರೆ ಜಾಣರಿಗೂ ತಮ್ಮದೇ ತಾಪತ್ರಯ ಇರುತ್ತದೆ. 2020ರ ಏಪ್ರಿಲ್ 1ರಿಂದ ದೇಶದಲ್ಲೆಲ್ಲ ಬಿಎಸ್ 6 ನಿಯಮ ಬಂದ ಮೇಲೆ ಡೀಸೆಲ್ ಕಾರುಗಳ ಸೈಲೆನ್ಸರ್ ದಾರಿಯಲ್ಲಿ ಡಿಪಿಎಫ್ ಎಂಬ ಮಸಿ ಹಿಡಿಯುವ ಜಾಲರಿ ಬಂತು. ಹಿಡಿದ ಮಸಿಯನ್ನು ಅದು ಆಗಾಗ ಸುಮಾರು 600 ಡಿಗ್ರಿ ಕಾವಿನಲ್ಲಿ ಸುಟ್ಟು ಬೂದಿ ಮಾಡಬೇಕು. ಅದಕ್ಕೆ ಸ್ವಲ್ಪ ಹೊತ್ತು ಒಂದೇ ವೇಗದ ಓಟ ಬೇಕು. ಧೂಳಿನ ದಾರಿಯಲ್ಲಿ ಫಸ್ಟ್, ಸೆಕೆಂಡ್ ಗೇರಿನಲ್ಲಿ ತೆವಳುವ ಗಾಡಿಗೆ ಅದೆಲ್ಲಿ ಸಿಗಬೇಕು? ಸುಡುವ ಕೆಲಸ ಅರ್ಧಕ್ಕೇ ನಿಲ್ಲುತ್ತದೆ, ಮತ್ತೆ ಶುರುವಾಗುತ್ತದೆ, ಹೊಟ್ಟೆಯಡಿಯ ಪೈಪು ಕಾದೇ ಇರುತ್ತದೆ. ಅಂಥ ಹೊತ್ತಿನಲ್ಲಿ ಮುಂದೆ ರಸ್ತೆಯ ತುಂಬ ಹುರುಳಿ ಒಕ್ಕಲು ಹಾಕಿರುತ್ತಾರೆ. ಗಾಡಿ ಹರಿದು ಕಾಳು ಬೇರೆಯಾಗಲಿ ಎಂದು ರೈತರ ಲೆಕ್ಕ. ಒಣಗಿದ ಬಳ್ಳಿ ಗಾಡಿಯಡಿ ಸುತ್ತಿಕೊಂಡು, ಕಾದ ಸೈಲೆನ್ಸರಿಗೆ ತಾಗಿ ಹೊತ್ತಿಕೊಂಡು, ಕಾರೇ ಸುಟ್ಟುಹೋದ ಸುದ್ದಿ ನಮ್ಮ ಪತ್ರಿಕೆಗಳ ಜಿಲ್ಲಾ ಪುಟದಲ್ಲಿ ಸುಗ್ಗಿ ಕಾಲಕ್ಕೆ ಬರುತ್ತಲೇ ಇರುತ್ತದೆ.

ಇಷ್ಟು ಹೊತ್ತು ಕಾವು ಹುಟ್ಟುವ ಮಾತಾಯಿತು. ಹುಟ್ಟಿದ ಕಾವು ಹೊರಗೆ ಹೋಗದಂತೆ ಮಾಡುವುದರಲ್ಲೂ ಧೂಳಿನದೇ ಕೈವಾಡ, ನಮ್ಮದೂ ಒಂದಿಷ್ಟು ಅಳಿಲುಸೇವೆ. ರೇಡಿಯೇಟರಿನ ತೆಳ್ಳನೆಯ ತಗಡಿನ ಎಸಳುಗಳ ಸಂದಿನಲ್ಲಿ ಗಾಳಿ ಆಡಬೇಕು. ಬರೀ ಒಣ ಧೂಳಾದರೆ ಬಂದದ್ದು ಹಾಗೇ ಹಾದುಹೋದೀತು. ಎಲ್ಲೋ ಒಂದು ಕಡೆ ಆಯಿಲ್ ಜಿನುಗುತ್ತಿದ್ದರೆ ಅದರ ಜಿಡ್ಡಿಗೆ ಧೂಳು ಮೆತ್ತಿ ಗಟ್ಟಿಯಾಗುತ್ತದೆ. ಅದಕ್ಕೆ ಹುಲ್ಲಿನ ಬೀಜ, ಹತ್ತಿಯ ಎಳೆ, ಮಿಡತೆಯ ರೆಕ್ಕೆ ಸೇರುತ್ತವೆ. ಎ.ಸಿ. ಇರುವ ಗಾಡಿಗಳಲ್ಲಿ ರೇಡಿಯೇಟರಿನ ಮುಂದೆ ಕಂಡೆನ್ಸರ್ ಎಂಬ ಇನ್ನೊಂದು ಜಾಲರಿ ಇರುವುದರಿಂದ ಕಸವೆಲ್ಲ ಎರಡರ ನಡುವೆ ಸಿಕ್ಕಿಕೊಳ್ಳುತ್ತದೆ. ಎದುರಿನಿಂದ ನೋಡಿದರೆ ಕಾಣುವುದಿಲ್ಲ. ಗಾಡಿ ಫಳಫಳ ತೊಳೆದಿರುತ್ತದೆ, ಒಳಗೆ ಗಾಳಿಗೆ ದಾರಿಯಿರುವುದಿಲ್ಲ.

ನಮ್ಮ ಸೇವೆ ಏನೆಂದರೆ, ಆ ಗಾಳಿ ಬರುವ ಜಾಗ ಕಂಡರೆ ನಮಗೆ ಅಲಂಕಾರ ಮಾಡುವ ಆಸೆಯಾಗುತ್ತದೆ. ಅಲ್ಲೊಂದು ಕಬ್ಬಿಣದ ಗಾರ್ಡ್, ಅದರ ಮೇಲೆ ಎರಡು ಭಾರಿ ಲೈಟು, ಪಕ್ಕದಲ್ಲಿ ಸಂಘಟನೆಯೊಂದರ ತಾಲ್ಲೂಕು ಉಪಾಧ್ಯಕ್ಷರೆಂಬ ಹಿತ್ತಾಳೆ ಫಲಕ, ಕೆಳಗೆ ದೃಷ್ಟಿಗೆ ನಿಂಬೆಹಣ್ಣು, ಮೆಣಸಿನಕಾಯಿ. ಆಯುಧಪೂಜೆಯ ದಿನವಂತೂ ಈ ಕಿವಿಯಿಂದ ಆ ಕಿವಿಗೆ ಮಾರುದ್ದದ ಚೆಂಡುಹೂವಿನ ಹಾರ, ಎರಡೂ ಬದಿಗೆ ಬಾಳೆಕಂದು. ಗಾಡಿಗೆ ಪೂಜೆಯಾಗುತ್ತದೆ, ಕಾಯಿ ಒಡೆಯುತ್ತಾರೆ, ಮಾಡಿದ ಪೂಜೆ ಮೂರು ದಿನ ಎಲ್ಲರಿಗೂ ಕಾಣಲೆಂದು ಹಾರವನ್ನು ಹಾಗೇ ಬಿಡುತ್ತಾರೆ. ನಾಲ್ಕನೇ ದಿನ ಗಾಡಿ ಬಿಸಿಯಾದರೆ ಯಾರ ಕಣ್ಣು ಬಿತ್ತೋ ಎಂದು ಇನ್ನೊಂದು ನಿಂಬೆಹಣ್ಣು ಕಟ್ಟುತ್ತಾರೆ.

ಅಂಬಾಸಿಡರ್ ಕಾಲದಲ್ಲಿ ಧೂಳಿನ ದಾರಿ ಬಂದರೆ ಗಾಡಿಯೊಳಗಿನವರೆಲ್ಲ ಧೂಳು ಕುಡಿದು ಊರು ತಲುಪುತ್ತಿದ್ದರು. ಈಗ ಧೂಳು ಕಂಡ ಕೂಡಲೇ ಗಾಜು ಏರುತ್ತದೆ. ಗಾಜು ಏರಿದರೆ ಎ.ಸಿ. ಬೇಕು. ಎ.ಸಿ. ನಮ್ಮ ಕಾವನ್ನು ತೆಗೆದುಕೊಂಡು ಹೋಗಿ ಸುರಿಯುವುದು ರೇಡಿಯೇಟರಿನ ಎದುರಿಗೇ. ಅಂದರೆ ನಮ್ಮ ಸುಖದ ಬಿಲ್ಲು ನೇರ ಎಂಜಿನ್ನಿನ ಖಾತೆಗೆ. ಅದರ ಮೇಲೆ ದಾರಿ ಕೆಟ್ಟಿದ್ದರಿಂದ ವೇಗ ಗಂಟೆಗೆ ಹತ್ತು, ಹದಿನೈದು ಕಿಲೋಮೀಟರು. ಓಟದ ಗಾಳಿ ಇಲ್ಲ, ಫ್ಯಾನ್ ತಂದಷ್ಟೇ ಗಾಳಿ. ಅದೇ ಹೊತ್ತಿಗೆ ಹಿಂದಿನಿಂದ ಗಾಳಿ ಬೀಸತೊಡಗಿದರೆ ಕಥೆ ಮುಗಿಯಿತು. ಗಾಡಿಯಷ್ಟೇ ವೇಗದಲ್ಲಿ ಗಾಳಿಯೂ ಬರುತ್ತದೆ, ನಾವೇ ಎಬ್ಬಿಸಿದ ಧೂಳು ನಮ್ಮ ಜೊತೆಯೇ ಪಯಣಿಸುತ್ತದೆ, ಫ್ಯಾನ್ ಅದನ್ನೇ ಒಳಗೆಳೆಯುತ್ತದೆ. ಇದು ಸಾಲದೆಂದು ಮುಂದೆ ಹೋಗುವ ಟಿಪ್ಪರಿನ ಬಾಲಕ್ಕೆ ಅಂಟಿಕೊಂಡು ಹಾರನ್ ಹೊಡೆಯುತ್ತಾ ಹೋಗುವವರೂ ಇದ್ದಾರೆ.

ಮುಳ್ಳು ಕೆಂಪಿನ ಹತ್ತಿರ ಬಂದಾಗ ಎ.ಸಿ. ಆರಿಸಿ ಹೀಟರ್ ಹಾಕಬೇಕು ಎಂಬುದು ಬಲ್ಲವರ ಸಲಹೆ. ಹೀಟರ್ ಎಂಬುದು ಇನ್ನೊಂದು ಪುಟ್ಟ ರೇಡಿಯೇಟರ್. ಎಂಜಿನ್ನಿನ ಕಾವನ್ನು ಗಾಡಿಯೊಳಕ್ಕೆ ತಂದು ಬಿಡುತ್ತದೆ. ಉಪಾಯ ನೂರಕ್ಕೆ ನೂರು ಸರಿ. ಆದರೆ ಮೇ ತಿಂಗಳ ಮಧ್ಯಾಹ್ನ, ಕೂಡ್ಲಿಗಿ ದಾರಿಯಲ್ಲಿ, ರೇಷ್ಮೆ ಸೀರೆ ಉಟ್ಟು ಮದುವೆಗೆ ಹೊರಟ ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೀಟರ್ ಹಾಕಿ ನೋಡಿ. ಎಂಜಿನ್ ತಣ್ಣಗಾಗುತ್ತದೆ. ಉಳಿದದ್ದು ತಣ್ಣಗಾಗಲು ಹೆಚ್ಚು ದಿನ ಹಿಡಿಯುತ್ತದೆ.

ಧೂಳು ನೆಲದವರನ್ನಷ್ಟೇ ಕಾಡುತ್ತದೆ ಎಂದಲ್ಲ. 1982ರ ಜೂನ್ 24ರ ರಾತ್ರಿ ಜಾವಾ ದ್ವೀಪದ ಬಳಿ ಬ್ರಿಟಿಷ್ ಏರ್‌ವೇಸ್‌ನ ಬೋಯಿಂಗ್ 747 ವಿಮಾನ ಗಲುಂಗುಂಗ್ ಜ್ವಾಲಾಮುಖಿಯ ಬೂದಿಯೊಳಗೆ ನುಗ್ಗಿತು. ಆ ಬೂದಿ ಕಲ್ಲಿನ ಪುಡಿಯೇ. ಎಂಜಿನ್ನಿನ ಕಾವಿಗೆ ಕರಗಿ, ಒಳಗಿನ ಭಾಗಗಳಿಗೆ ಮೆತ್ತಿಕೊಂಡು, ನಾಲ್ಕಕ್ಕೆ ನಾಲ್ಕೂ ಎಂಜಿನ್ ನಿಂತವು. ಕ್ಯಾಪ್ಟನ್ ಎರಿಕ್ ಮೂಡಿ ಪ್ರಯಾಣಿಕರಿಗೆ ಒಂದು ಸಣ್ಣ ತೊಂದರೆಯಾಗಿದೆ, ನಾಲ್ಕೂ ಎಂಜಿನ್ ನಿಂತಿವೆ ಎಂದು ಬಹು ಮರ್ಯಾದೆಯಿಂದ ತಿಳಿಸಿದರು. ವಿಮಾನ ಕೆಳಗಿಳಿದು ಬೂದಿಯಿಂದ ಹೊರಬಂದಾಗ ಮೆತ್ತಿದ್ದು ಆರಿ, ಒಡೆದು ಉದುರಿ, ಎಂಜಿನ್ನುಗಳು ಮತ್ತೆ ಶುರುವಾದವು; ಎಲ್ಲರೂ ಕ್ಷೇಮವಾಗಿ ಜಕಾರ್ತದಲ್ಲಿ ಇಳಿದರು. ಬಾನೆಟ್ ಎತ್ತಲು ಅವಕಾಶವಿಲ್ಲದ್ದರಿಂದ ಅಲ್ಲಿ ಸಲಹೆ ಕೊಡುವವರೂ ಇರಲಿಲ್ಲ. ಬದುಕಿಕೊಂಡರು.

ಧೂಳಿನ ಜೊತೆ ಬಾಳ್ವೆ ಮಾಡುವುದನ್ನು ಕಲಿಯಬೇಕಾದರೆ ಡಕಾರ್ ರ‍್ಯಾಲಿಯವರನ್ನು ಕೇಳಬೇಕು. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಅದನ್ನು ಪೂರೈಸಿದ ಮೊದಲ ಭಾರತೀಯ. ಉಡುಪಿಯ ಕೆ.ಪಿ. ಅರವಿಂದ್ 2019ರಲ್ಲಿ ಪೂರೈಸಿದರು. ಮರುಭೂಮಿಯ ಧೂಳು ತಡೆದುಕೊಂಡಿದ್ದ ಅವರು ಆಮೇಲೆ ಬಿಗ್ ಬಾಸ್ ಮನೆಯಲ್ಲೂ ಕೊನೆಯ ದಿನದ ತನಕ ಬಾಳಿದ್ದು ಕನ್ನಡಿಗರಿಗೆಲ್ಲ ಗೊತ್ತು. ಆ ರ‍್ಯಾಲಿಯಲ್ಲಿ ಒಬ್ಬರ ಹಿಂದೊಬ್ಬರನ್ನು ನಿಮಿಷಗಳ ಅಂತರ ಬಿಟ್ಟು ಕಳಿಸುತ್ತಾರೆ. ರಾತ್ರಿ ಬಿಡಾರ ಸೇರಿದ ಮೇಲೆ ಬೈಕಿನ ಏರ್ ಫಿಲ್ಟರ್ ಬದಲಾಗಿಯೇ ಬದಲಾಗುತ್ತದೆ. ನಮ್ಮಲ್ಲಿ ಗಾಡಿಯ ಜೊತೆ ಕೊಡುವ ಪುಸ್ತಕದಲ್ಲೂ ಧೂಳಿನ ಕಡೆ ಓಡಿಸುವವರು ಫಿಲ್ಟರನ್ನು ಬೇಗ ಬೇಗ ನೋಡಬೇಕೆಂದು ಬರೆದಿರುತ್ತಾರೆ. ಆ ಪುಸ್ತಕ ಡ್ಯಾಶ್‌ಬೋರ್ಡಿನ ಖಾನೆಯಲ್ಲಿ, ಪ್ಲಾಸ್ಟಿಕ್ ಕವರಿನೊಳಗೆ, ಒಂದು ಕಣ ಧೂಳೂ ತಾಗದಂತೆ ಭದ್ರವಾಗಿರುತ್ತದೆ.

ಇದನ್ನು ಓದಿ ಕೆಲವರು ನಾಳೆಯೇ ಫಿಲ್ಟರ್ ಬಿಚ್ಚಿ ಪಂಕ್ಚರ್ ಅಂಗಡಿಯ ಹವಾ ಪೈಪನ್ನು ಅದಕ್ಕೆ ಹಿಡಿದಾರು. ಬೇಡ. ಆ ಜೋರಿಗೆ ಕಾಗದ ಹರಿಯುತ್ತದೆ, ಹರಿದ ಫಿಲ್ಟರ್ ಕಟ್ಟಿದ ಫಿಲ್ಟರಿಗಿಂತ ಕೆಟ್ಟದ್ದು. ಕಟ್ಟಿದ್ದು ಗಾಡಿಯನ್ನು ಬಿಸಿ ಮಾಡುತ್ತದೆ; ಹರಿದದ್ದು ಧೂಳನ್ನು ಸೀದಾ ಸಿಲಿಂಡರಿಗೆ ಬಿಡುತ್ತದೆ. ಕ್ರಷರ್ ಧೂಳಿನಲ್ಲಿರುವ ಬೆಣಚುಕಲ್ಲಿನ ಕಣ ಸಿಲಿಂಡರಿನ ಲೋಹಕ್ಕಿಂತ ಗಟ್ಟಿ. ಅದು ಪಿಸ್ಟನ್ ರಿಂಗನ್ನೂ ಸಿಲಿಂಡರಿನ ಗೋಡೆಯನ್ನೂ ತೇಯುತ್ತದೆ, ಆಯಿಲಿಗೆ ಸೇರಿ ಬೇರಿಂಗುಗಳನ್ನೂ ಬಿಡುವುದಿಲ್ಲ. ಕೊನೆಗೆ ಗಾಡಿ ಆಯಿಲ್ ಕುಡಿಯತೊಡಗುತ್ತದೆ. ಅಂದಹಾಗೆ, ಅಲ್ಪಸ್ವಲ್ಪ ಧೂಳು ಹಿಡಿದ ಫಿಲ್ಟರ್ ಹೊಚ್ಚ ಹೊಸದಕ್ಕಿಂತ ಚೆನ್ನಾಗಿ ಸೋಸುತ್ತದೆ. ಹಾಗಾಗಿ ದಿನಾ ಬಿಚ್ಚಿ ಕುಟ್ಟುವ ಮಡಿವಂತಿಕೆಯೂ ಬೇಕಿಲ್ಲ.

ಧೂಳಿನ ಸೀಮೆಯವರಲ್ಲಿ ನನ್ನ ಬಿನ್ನಹ ಇಷ್ಟೇ. ಮುಂದಿನ ಗಾಡಿಯ ಧೂಳು ಇಳಿಯುವಷ್ಟು ಅಂತರ ಬಿಡಿ. ಮುಳ್ಳು ಏರಿದರೆ ನಿಲ್ಲಿಸಿ, ಆದರೆ ಕುದಿಯುವ ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಾಕಬೇಡಿ; ಅದರೊಳಗಿನ ನೀರು ಒತ್ತಡದಲ್ಲಿ 100 ಡಿಗ್ರಿ ದಾಟಿರುತ್ತದೆ, ತೆಗೆದ ಕೂಡಲೇ ಮುಖಕ್ಕೇ ಹಾರುತ್ತದೆ. ಕಾದ ಎಂಜಿನ್ನಿಗೆ ತಣ್ಣೀರು ಸುರಿದು ಹೆಡ್ ಸೀಳಿಸಬೇಡಿ. ಘಾಟಿ ಹತ್ತಿದ ಟರ್ಬೊ ಗಾಡಿಯನ್ನು ಒಂದು ನಿಮಿಷ ಸುಮ್ಮನೆ ಓಡಲು ಬಿಟ್ಟು ಆಮೇಲೆ ಆರಿಸಿ. ರೇಡಿಯೇಟರಿಗೆ ಎಂಜಿನ್ ಕಡೆಯಿಂದ ಹೊರಮುಖವಾಗಿ, ಮೆಲ್ಲನೆ ನೀರು ಬಿಡಿಸಿ. ಹಬ್ಬದ ಹಾರವನ್ನು ಪೂಜೆ ಮುಗಿದ ದಿನವೇ ತೆಗೆಯಿರಿ, ದೇವರು ಬೇಸರ ಮಾಡಿಕೊಳ್ಳುವುದಿಲ್ಲ. ಫಿಲ್ಟರ್ ಹಳತಾದರೆ ಹೊಸದು ಹಾಕಿಸಿ. ಅದರ ಬೆಲೆ ಹೆಚ್ಚಿನ ಗಾಡಿಗಳಿಗೆ ಕೆಲವು ನೂರು ರೂಪಾಯಿ. ಎಂಜಿನ್ ಬಿಚ್ಚಿ ಬೋರ್ ಮಾಡಿಸುವ ಖರ್ಚು ಹತ್ತಾರು ಸಾವಿರ.